ಗುಡ್ಡ ಮಲಗಿದೆ ಅಂದುಬಿಟ್ಟೆ

ಎರಡು ಸಾವಿರದ ನೂರ ತೊಂಬತ್ತೊಂದನೇ ಇಸವಿ, ಫೆಬ್ರವರಿ ಮೂವತ್ತು, ಬೆಳಿಗ್ಗೆ. ನಗಬೇಡಿ, ಹಿಂದಿನ ಕಾಲದ ಹಿರಿಯರೇ, ನಮ್ಮ ಕ್ಯಾಲೆಂಡರಿನಲ್ಲಿ ಆ ದಿನ ಇದೆ. ನಡೆಯುತ್ತಾ ಬಾಯಲ್ಲೇ ಹೇಳುತ್ತಿರುವ ಕಾಗದ ಇದು. ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ದುಂಡಯ್ಯ, ಐವತ್ತು ವರ್ಷ, ಮಂಜುಗಲ್ಲು ತಾಲೂಕಿನ ಕಿವಿಗಾರ.

ಕಿವಿಗಾರ ಅಂದರೆ, ಗುಡ್ಡದೊಳಗೆ ಇಳಿಸಿದ ಕಬ್ಬಿಣದ ಕೊಳವೆಗೆ ದಿನಾ ಬೆಳಿಗ್ಗೆ ಕಿವಿ ಕೊಡುವವನು. ಸದ್ದಿಲ್ಲದಿದ್ದರೆ 'ಮಲಗಿದೆ' ಎಂದು ಕೂಗಬೇಕು. ಅದನ್ನು ಕೇಳಿದ ಮೇಲೆಯೇ ನಮ್ಮಲ್ಲಿ ಒಲೆ ಹಚ್ಚುವುದು. ಸದ್ದಿದ್ದರೆ ಗಂಟೆ, ಗಂಟೆ ಕೇಳಿದರೆ ಎಲ್ಲರೂ ಎದುರು ದಿಬ್ಬಕ್ಕೆ ಓಡಬೇಕು. ನಾನು ಎರಡು ಸಲ ಗಂಟೆ ಹೊಡೆದಿದ್ದೆ. ಎರಡು ಸಲವೂ ಗುಡ್ಡ ಜಾರಲಿಲ್ಲ. ಹೆದರಿದವರು ಮಾತ್ರ ಬಯಲಿಗೆ ಇಳಿದರು, ಮತ್ತೆ ಹತ್ತಲಿಲ್ಲ. ಈಗ ಉಳಿದವರು ಮುನ್ನೂರ ನಾಲ್ಕು ಮಂದಿ. ಮುನ್ನೂರಕ್ಕಿಂತ ಕಡಿಮೆಯಾದರೆ ತಾಲೂಕು ರದ್ದು. ತೂಗುಬಂಡಿ, ಅಂದರೆ ತಂತಿಗೆ ಜೋತುಬಿದ್ದು ಅಕ್ಕಿ, ಔಷಧಿ, ಶಾಲೆಯ ಮೇಡಂ ಎಲ್ಲವನ್ನೂ ತರುವ ಡಬ್ಬಿ, ನಿಂತೇ ಹೋಗುತ್ತದೆ.

ಇವತ್ತು ಕೊಳವೆಯಲ್ಲಿ ಸದ್ದಿತ್ತು. ಯಾರೋ ಕಲ್ಲುಸಕ್ಕರೆ ಕಡಿದ ಹಾಗೆ, ನಿಧಾನಕ್ಕೆ. ಕೆಳಗಿನ ಮನೆಯಿಂದ ಅಕ್ಕ ಕೇತಮ್ಮ ಕೂಗಿದಳು: "ಏನ್ಲಾ ದುಂಡ, ಮಲಗೈತೋ ಎದ್ದೈತೋ? ನಿನ್ ಗುಡ್ಡಕ್ಕಿಂತ ನನ್ ಹೊಟ್ಟೆನೇ ಜೋರಾಗಿ ಗೊಣಗ್ತೈತೆ!"

"ಮಲಗೈತೆ ಕಣಕ್ಕ" ಅಂದುಬಿಟ್ಟೆ.

ಒಂದೊಂದೇ ಮನೆಯಿಂದ ಹೊಗೆ ಎದ್ದಿತು, ನನ್ನ ಮಾತು ನಂಬಿ. ಕೂರಲಾಗಲಿಲ್ಲ. ಮತ್ತೆ ಕಿವಿ ಇಟ್ಟೆ. ಸದ್ದು ಹತ್ತಿರವಾಗಿತ್ತು. ಗಂಟೆ ಹೊಡೆದೆ. ಎಲ್ಲರೂ ನನ್ನನ್ನು ಬೈಯುತ್ತಲೇ ಓಡಿದರು. ಅಕ್ಕ ಮಾತ್ರ ಅಂಗಳದಲ್ಲೇ ನಿಂತು, "ಈಗ ತಾನೇ ಮಲಗೈತೆ ಅಂದೋನು ನೀನೇ ಅಲ್ವೇನ್ಲಾ? ಮೂರ್ನೇ ಸಲ ನಾ ಓಡಾಕಿಲ್ಲ, ಹೋಗು" ಎಂದು ಕೂಗಿ ಒಳಗೆ ಹೋದಳು. ಅವಳ ಮನೆ ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ದಾರಿ ಸುತ್ತು, ಕಾಲುಗಂಟೆಯ ಇಳಿಜಾರು. ಇಳಿಯುತ್ತಿದ್ದೇನೆ. ದಾರಿ ಪಕ್ಕದ ಒರತೆಯ ನೀರು ಒಳಗಿನ ಮಣ್ಣು ಕದಡಿ ಕೆಂಪಗಾಗಿದೆ.

ನಿಮ್ಮ ಕಾಲದಲ್ಲಿ ಈ ಗುಡ್ಡದ ಬುಡ ಕಡಿದು ರಸ್ತೆ ಅಗಲ ಮಾಡಿದಿರಂತೆ. ಆಗಲೂ ಯಾರೋ ಒಬ್ಬ ನೋಡಿ, ಗೊತ್ತಿದ್ದೂ, 'ಏನೂ ಆಗಲ್ಲ' ಅಂದಿರಬೇಕು. ಅವನನ್ನು ಬೈಯುವ ಬಾಯಿ ನನಗೀಗ ಇಲ್ಲ. ಒಂದೇ ಕೋರಿಕೆ: ಅವನು ಇನ್ನೂ ಬದುಕಿದ್ದರೆ, ಇನ್ನೊಂದು ಸಲ ಕೇಳಿ. ಮೆಲ್ಲಗೆ ಕೇಳಿ, ಅವನಿಗೂ ಭಯ ಇರುತ್ತದೆ.

ಕಾಲಡಿ ಮಣ್ಣು ಮೆತ್ತಗಾಗಿದೆ. ಬಾಗಿಲು ಕಾಣುತ್ತಿದೆ. ಇನ್ನು ನಿಮ್ಮ ಹತ್ತಿರ ಮಾತಿಲ್ಲ, ಕ್ಷಮಿಸಿ.

ಅಕ್ಕಾ! ಬೆಳಿಗ್ಗೆ ಸುಳ್ಳು ಹೇಳ್ದೆ ಕಣಕ್ಕ! ಹೊರಗೆ ಬಾ!