ಪೆಡಲಿನ ಅಡಿಯ ಬೋಲ್ಟು

ಜೂನ್ 3, ಬೆಳಿಗ್ಗೆ

ಬರೆಯಬೇಕಂತೆ. ದಿನಾ ಒಂದಿಷ್ಟು. ಮುರಿದ ಮಣಿಕಟ್ಟಿನ ಪಟ್ಟಿ ಬಿಚ್ಚಿದ ಡಾಕ್ಟರ್ ಹೇಳಿದ್ದು — ಬೆರಳು ಸಡಿಲವಾಗಲು ಇದೇ ಔಷಧವಂತೆ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವಳಿಗೆ ಈ ವಯಸ್ಸಿನಲ್ಲಿ ಅಕ್ಷರ ತಿದ್ದುವ ಶಿಕ್ಷೆ. ಏನು ಬರೆಯುವುದು? ಹಲ್ಲುಜ್ಜಿದೆ. ಕಾಫಿ ತಣ್ಣಗಿತ್ತು. ಸೊಸೆಗೆ ಹೇಳಿದೆ. ಆಯಿತು.

ಜೂನ್ 4, ಭಾನುವಾರ

ಇವತ್ತು ವಿಷಯವಿದೆ. ಮೂರು ತಿಂಗಳ ಮೇಲೆ ಹೊಲಿಗೆ ಮಿಷನ್ ಮುಂದೆ ಕೂತೆ. ಪೆಡಲ್ ಅಲ್ಲಾಡುವುದಿಲ್ಲ! ಕಾಲಲ್ಲಿ ಒದ್ದು ನೋಡಿದೆ. ಊಹೂಂ. ನಾನು ಕೈ ಕಟ್ಟಿಕೊಂಡು ಕೂತಷ್ಟು ದಿನವೂ ಸೊಸೆ ಬಕೆಟ್‌ಗಟ್ಟಲೆ ನೀರು ಸುರಿದು ನೆಲ ಒರೆಸಿದ್ದಾಳೆ. ಚಕ್ರ ತಿರುಗಿಸುವ ಸರಳು ಪೆಡಲಿಗೆ ಸೇರುವ ಕಡೆ, ಅಡಿಯಲ್ಲಿ, ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿದೆ. ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿದರೆ ಮುಗಿಯಿತು. ಬಿಚ್ಚಬೇಕಲ್ಲ...

ಮಗ ಸ್ಪ್ಯಾನರ್ ಹಿಡಿದು ಬಗ್ಗಿದ. ಮುಖ ಕೆಂಪಾಯಿತು. ಬೋಲ್ಟು ಹಾಗೇ.

"ಅಮ್ಮಾ, ಇದರ ಕಾಲ ಮುಗೀತು. ಮುಂದಿನ ಭಾನುವಾರ ಗುಜರಿಯವನು ಬರ್ತಾನೆ, ಕೊಟ್ಟುಬಿಡೋಣ."

"ನನ್ನನ್ನೂ ತೂಕಕ್ಕೆ ಹಾಕು."

"ಶುರು ಮಾಡಿದ್ಯಾ..."

ಕೊನೆಗೆ ಒಪ್ಪಿದ — ಅಷ್ಟರೊಳಗೆ ಬಿಚ್ಚಿದರೆ ಮಿಷನ್ ಉಳಿಯುತ್ತದೆ. ಬೀದಿಯ ಅರ್ಧ ಮನೆಗಳ ದಿಂಬಿನ ಕವರು, ಕರ್ಟನ್ನು ಇದರ ಮೇಲೇ ಆದದ್ದು. ಇದು ಹೋದರೆ ನಾನು ಊಟದ ಹೊತ್ತಿಗೆ ಮಾತ್ರ ಈ ಮನೆಯವರ ನೆನಪಿಗೆ ಬರುವವಳು.

ಜೂನ್ 5

ತಮ್ಮ ಬಂದ. ಬಸ್ಸಿನ ಟಯರ್ ಬಿಚ್ಚಿದ ಕೈ ಎಂದು ಜಂಬ. "ಎರಡು ನಿಮಿಷ ಅಕ್ಕ, ಸರಿ ಈ ಕಡೆ." ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದ. ಪೈಪ್ ಜಾರಿ ಅವನೇ ಅಂಗಾತ ಬಿದ್ದ.

"ಇದು ಬೋಲ್ಟಲ್ಲ ಅಕ್ಕ, ನಿನ್ನ ಬುದ್ಧಿ. ಹಿಡಿದಿದ್ದು ಬಿಡಲ್ಲ."

ಕಾಫಿ ಕೊಡದೆ ಕಳಿಸಿದೆ.

ಜೂನ್ 6

ಸೀಮೆಎಣ್ಣೆ ಬಿಟ್ಟೆ. ಸುತ್ತಿಗೆಯಲ್ಲಿ ತಟ್ಟಿದೆ. ನಾನೇ ಬಗ್ಗಿ ಎಡಗೈಯಲ್ಲಿ ತಿರುಗಿಸಿದೆ. ಮೊದಲಿಗಿಂತ ಬಿಗಿಯಾದ ಹಾಗಿದೆ. ಸಿಟ್ಟಿಗೆ... ಬರೆಯುವುದಿಲ್ಲ, ಹೋಗಿ.

ಜೂನ್ 10, ಶನಿವಾರ, ಮಧ್ಯಾಹ್ನ

ಬಿಚ್ಚಿತು! ಬಿಚ್ಚಿತು!

ಸ್ಪ್ಯಾನರ್ ಕೈಜಾರಿ ಮಿಷನ್ ಅಡಿಗೆ ಹೋಗಿತ್ತು. ತೆಗೆಯಲು ನೆಲದ ಮೇಲೆ ಮಲಗಿ ತಲೆ ತೂರಿಸಿದೆ. ಮೇಲೆ ನೋಡಿದರೆ ಬೋಲ್ಟಿನ ತಲೆ ನನ್ನನ್ನೇ ನೋಡುತ್ತಿದೆ. ಕೆಳಮುಖ! ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಎಂದು ನಾವು ಮೂವರೂ ಮೇಲಿನಿಂದ ಬಗ್ಗಿ ಎಡಕ್ಕೆ ಎಳೆದದ್ದೇ ಎಳೆದದ್ದು. ಕೆಳಗಿನಿಂದ ನೋಡಿದರೆ ಅದು ಬಲಕ್ಕೆ. ಮನೆಮಂದಿಯೆಲ್ಲ ಸೇರಿ, ಬೆವರು ಸುರಿಸಿ, ಬೋಲ್ಟನ್ನು ಬಿಗಿ ಮಾಡಿದ್ದೇವೆ!

ಸೊಸೆ ಓಡಿ ಬಂದಳು. "ಅಯ್ಯೋ ಅತ್ತೆ! ಬಿದ್ರಾ?"

"ಬಿದ್ದಿಲ್ಲ. ಮಲಗಿದೀನಿ. ಟಾರ್ಚ್ ಹಿಡಿ."

"ಕೈ ಹುಷಾರು ಅತ್ತೆ, ಈಗಷ್ಟೇ ಕೂಡಿಕೊಂಡಿದೆ—"

"ಬಾಯಿ ಮುಚ್ಚಿ ಬೆಳಕು ಬಿಡು."

ಮಲಗಿದಲ್ಲಿಂದಲೇ ಸ್ಪ್ಯಾನರಿಗೆ ಎರಡೂ ಕೈ ಹಾಕಿ ಎಡಕ್ಕೆ ಎಳೆದೆ. ಮಣಿಕಟ್ಟು ಚುಳಕ್ ಎಂದಿತು. ಬಿಡಲಿಲ್ಲ. ಕಿರ್ರ್... ಮುಖದ ತುಂಬ ತುಕ್ಕಿನ ಪುಡಿ. ಇಷ್ಟು ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ, ಆಗ ನೋವು ಜಾಸ್ತಿಯಿತ್ತು. ಸೊಸೆ ಟಾರ್ಚ್ ಬಿಸಾಕಿ ಚಪ್ಪಾಳೆ ತಟ್ಟಿದಳು. ಬೈದೆ. ಆಮೇಲೆ ಇಬ್ಬರೂ ನೆಲದ ಮೇಲೇ ಕೂತು ನಕ್ಕೆವು.

ಜೂನ್ 11

ಗುಜರಿಯವನು ಬಂದಾಗ ಟಕಟಕ ಹೊಲಿಯುತ್ತಿದ್ದೆ.

"ಯಾವುದಮ್ಮಾ ಕೊಡೋದು?"

ಮಗನ ಕಡೆ ಕೈ ತೋರಿಸಿದೆ.

ಜೂನ್ 12

ಆಗಲೇ ಎರಡು ಮನೆಯವರು ಬಟ್ಟೆ ತಂದಿಟ್ಟು ಹೋದರು. ಈ ಮೂಲೆಯಲ್ಲಿ ಕೆಲಸ ಆಗದು, ಸೂಜಿಯ ಕಣ್ಣೇ ಕಾಣುವುದಿಲ್ಲ. ಕಿಟಕಿಯ ಬೆಳಕೆಲ್ಲ ಟಿವಿಯ ಬೆನ್ನಿಗೆ ಬೀಳುತ್ತಿದೆ. ಮಗನಿಗೆ ಹೇಳಿದೆ. "ನೋಡೋಣ ಅಮ್ಮ" ಅಂದ. ಅವನ 'ನೋಡೋಣ' ನನಗೆ ಗೊತ್ತಿಲ್ಲವೇ? ಮುಖಕ್ಕೆ ಹೊಡೆದ ಹಾಗೆ ಕೇಳಿದ್ದೇನೆ — ಕಿಟಕಿ ಹತ್ತಿರ ಟಿವಿಯೋ, ನಾನೋ? ಹದಿನೈದನೇ ತಾರೀಖಿನೊಳಗೆ ಉತ್ತರ ಬೇಕು.