ದೈವಾಧೀನ ಎಂಬ ಊರು

ಚಾಮರಾಜಪುರಂ, ಮೈಸೂರು
೧೨–೮–೧೯೫೮

ಪ್ರೀತಿಯ ತಮ್ಮ ಮಹದೇವುಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಮೈಯಲ್ಲಿ ಹುಷಾರಾಗಿದ್ದೀಯಾ? ಪಠಾಣಕೋಟೆಗೆ ಹೋದ ಮೇಲೆ ಬಂದಿದ್ದ ಜ್ವರ ಬಿಟ್ಟಿತೇ? ಪಲ್ಟನ್ನಿನ ಊಟ ಹೇಗಿದ್ದರೂ ಹೊಟ್ಟೆ ತುಂಬ ತಿನ್ನು. ಇಲ್ಲಿ ಅಪ್ಪನ ಮಂಡಿನೋವು ಹಾಗೇ ಇದೆ.

ವಸಂತ ನಿನ್ನನ್ನೂ ಮಗಳನ್ನೂ ಬಿಟ್ಟು ಆಸ್ಪತ್ರೆಯಲ್ಲಿ ತೀರಿಕೊಂಡು ಮೂರು ತಿಂಗಳಾಯಿತು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹನ್ನೊಂದರ ತಿಥಿ ಮುಗಿಸಿ ರೈಲು ಹತ್ತುವಾಗ ನೀನು, "ಭಾಗ್ಯಂಗೆ ಹೇಳ್ಬೇಡ ಕಣಕ್ಕ. ಅಮ್ಮ ಆಸ್ಪತ್ರೆಯಿಂದ ತವರಿಗೆ ಹೋಗವ್ಳೆ ಅನ್ನು. ರಜದಲ್ಲಿ ಬಂದು ನಾನೇ ಹೇಳ್ತೀನಿ" ಅಂದಿದ್ದೆ. ಹಾಗೇ ನಡೆದುಕೊಂಡೆ. ಮಗು ಕೇಳಿದಾಗೆಲ್ಲ ಯಾವುದೋ ಹಳೆಯ ಕಾಗದ ಹಿಡಿದು, ನಿಮ್ಮಮ್ಮ ಬರೆದಿದ್ದಾಳೆ ಎಂದು ಬಾಯಿಗೆ ಬಂದದ್ದನ್ನು ಓದುತ್ತಿದ್ದೆ. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಅಕ್ಷರ ಕಲಿಸಲು ಕೂತೆ. ನಮ್ಮ ಶಿಶುವಿಹಾರದಲ್ಲಿ ಮಾಡಿಸುವಂತೆ ನೆಲದ ಮೇಲೆ ಹುಣಿಸೆಬೀಜ ಜೋಡಿಸಿ ಅಕ್ಷರ ಮಾಡುವುದು. ಲೋಟ, ಬಟ್ಟಲು, ಸೌಟು, ಬಾಚಣಿಗೆ ಇಟ್ಟು ಯಾವುದು ಉಳಿದವುಗಳ ಜೊತೆ ಸೇರುವುದಿಲ್ಲ, ಯಾಕೆ ಎಂದು ಕೇಳುವುದು. ನಾನು ಯಾಕೆ ಯಾಕೆ ಎಂದು ಕೇಳಿ ಕೇಳಿ ಈಗ ಅವಳೇ ಎಲ್ಲದಕ್ಕೂ ಯಾಕೆ ಎನ್ನುತ್ತಾಳೆ. ಮೊದಲು ಕಲಿಸಿದ ಹೆಸರು ಅವಳ ಅಮ್ಮನದು. ಅದೇ ಬೇಕು ಎಂದಳು, ಇಲ್ಲ ಎನ್ನಲಾಗಲಿಲ್ಲ.

ಮೊನ್ನೆ ಭಾನುವಾರ ನಾನು ಅಕ್ಕಿ ಆರಿಸುತ್ತಿದ್ದೆ. ಅಪ್ಪನ ಪಂಚಾಂಗದೊಳಗೆ ಉಳಿದಿದ್ದ ತಿಥಿ ಕಾರ್ಡು ಹಿಡಿದು ಓಡಿ ಬಂದಳು. "ಅತ್ತೆ, ಅಮ್ಮನ ಹೆಸ್ರು ಅಚ್ಚಾಕವ್ರೆ!" ಎಂದು ಕುಣಿದಳು. ಆಮೇಲೆ ಬೆರಳಿಟ್ಟು, "ದೈ... ವಾ... ಧೀ... ನ. ಅಮ್ಮ ಹೋಗಿರೋ ಊರಾ ಅತ್ತೆ ಇದು?" ಅಂದಳು. ನಾನು ಮತ್ತೆ ಅಕ್ಕಿ ಆರಿಸಲು ಬಗ್ಗಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅಮ್ಮನ ಸೀರೆ ಎಲ್ಲಾ ಇಲ್ಲೇ ಅವೆ. ಅಲ್ಲಿ ಏನುಟ್ಕತ್ತಾಳೆ?" ಎಂದು ಕೇಳಿ, ಆಮೇಲೆ, "ಸತ್ತೋಗವ್ಳಾ?" ಅಂದಳು. ಹೌದು ಕಂದ ಎಂದೆ. ಅಳಲಿಲ್ಲ ಮಹದೇವು. ಸೀರೆಯ ಟ್ರಂಕಿನ ಮೇಲೆ ಹೋಗಿ ಕೂತವಳು ಸಂಜೆಯವರೆಗೂ ಇಳಿಯಲಿಲ್ಲ. ಎಷ್ಟೋ ಮಕ್ಕಳಿಗೆ ಓದು ಕಲಿಸಿದ್ದೇನೆ. ಮಗು ಓದಿತಲ್ಲ ಎಂದು ಎದೆ ಒಡೆದದ್ದು ಇದೇ ಮೊದಲು. ನಿನಗೆ ಕೊಟ್ಟ ಮಾತು ತಪ್ಪಿದೆ, ಕ್ಷಮಿಸು.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ತಾಯಿ ಚಾಮುಂಡಿ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಮಂಗಳಮ್ಮ

ಇನ್ನೊಂದು ಮಾತು: ಸಮಾಧಾನವಾಗಲಿ ಎಂದು ಈಗ ತಾನೇ ಅವಳಿಗೆ ನಿನ್ನ ಹೋದ ವಾರದ ಕಾಗದ ಓದಲು ಹೋದೆ. ಕಿವಿ ಮುಚ್ಚಿಕೊಂಡಳು. "ಅಮ್ಮನ ಕಾಗ್ದಾನೂ ನೀವೇ ಅಲ್ವಾ ಓದಿದ್ದು? ಅಂಗಾದ್ರೆ ಅಪ್ಪನೂ ಸತ್ತೋಗವ್ರಾ?" ಅಂದಳು. ಆಣೆ ಇಟ್ಟರೂ ನಂಬುತ್ತಿಲ್ಲ. ಸಾಹೇಬರ ಕೈಕಾಲು ಹಿಡಿದಾದರೂ ರಜ ಪಡೆದು ಹೊರಟು ಬಾ. ಒಂದು ದಿನವಾದರೂ ಸರಿ, ಬಂದು ಅವಳ ಕಣ್ಣಿಗೆ ಬೀಳು.