ಅಜರುವಿನ ರಕ್ತ ಹೇಳಿದ್ದು

ಕೌಲ್ ಬಜಾರ್, ಬಳ್ಳಾರಿ
೨೧–೪–೨೦೦೯, ಮಂಗಳವಾರ

ಪ್ರೀತಿಯ ಮಗಳು ಆಯೇಶಾಳಿಗೆ ನಿನ್ನ ಅಮ್ಮಿಯ ತುಂಬು ಮನಸ್ಸಿನ ದುವಾಗಳು.

ಹೇಗಿದ್ದೀಯ ಮಗಳೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಹೋದ ಸಲ ಬಂದಾಗ ನಿನ್ನ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಹೈದರಾಬಾದಿನಂಥ ಊರಿನಲ್ಲಿದ್ದುಕೊಂಡು ಬನ್ನು ತಿಂದು ಬದುಕುವವಳು ನೀನೊಬ್ಬಳೇ ಇರಬೇಕು. ನನ್ನ ಮೊಣಕಾಲು ಇದ್ದ ಹಾಗೇ ಇದೆ, ನಿನ್ನ ಅಬ್ಬಾರ ಸಕ್ಕರೆ ಕಾಯಿಲೆಯೂ ಇದ್ದ ಹಾಗೇ ಇದೆ. ಬಿಸಿಲು ಮಾತ್ರ ಏರಿದೆ. ಅದಿರು ಲಾರಿಗಳ ಧೂಳಿಗೆ ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತದೆ. ಕುಲ್ಫಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಆದರೆ ಅಬ್ಬಾರ ಗಾಡಿ ಮನೆ ಮುಂದೆ ಗೋಣಿಚೀಲ ಹೊದ್ದು ನಿಂತಿದೆ. ದಾರಿಯಲ್ಲಿ ಹೋಗುವ ಮಕ್ಕಳು ಅದನ್ನು ಎತ್ತಿ ನೋಡಿ ಹೋಗುತ್ತವೆ.

ಫೋನಿನಲ್ಲಿ ಹೇಳುವುದನ್ನು ಬಿಟ್ಟು ಅಮ್ಮಿ ಯಾಕೆ ಕಾಗದ ಬರೆಯುತ್ತಾಳೆ ಅಂದುಕೊಳ್ಳಬೇಡ. ಫೋನು ನಿನ್ನ ಅಬ್ಬಾರ ಜೇಬು ಬಿಟ್ಟು ಕದಲುವುದಿಲ್ಲ. ನಿನ್ನದೇ ಬರುತ್ತದೆಂದು ಕಾಯುತ್ತಾರೆ. ಮೊನ್ನೆ ಅವರು ಅದನ್ನು ಚಾರ್ಜಿಗೆ ಇಟ್ಟು ಮಸೀದಿಗೆ ಹೋಗಿದ್ದಾಗಲೇ ನೀನು ಫೋನ್ ಮಾಡಿದ್ದು ನನ್ನ ಪುಣ್ಯವೋ ಪಾಪವೋ ತಿಳಿಯದು. ನೀನು ಹೇಳಿದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.

ನಿನ್ನ ತಮ್ಮ ಆಸ್ಪತ್ರೆಯಲ್ಲಿ ಹಾಗೇ ಇದ್ದಾನೆ. ಮಷೀನು ಉಸಿರಾಡಿಸುತ್ತದೆ, ಎದೆ ಏರಿಳಿಯುತ್ತದೆ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಒಳಗೆ ಬಿಡುತ್ತಾರೆ. ನಾನು ಕಿವಿಯ ಹತ್ತಿರ ಬಾಗಿ, ಅಜರೂ, ನಿನ್ನ ಲಾರಿ ಓನರು ಬಂದಿದ್ದಾನೆ, ಏಳೋ, ಅಂತ ಸುಳ್ಳು ಹೇಳಿದೆ. ಆ ಹೆಸರು ಕೇಳಿದರೆ ಮೊದಲೆಲ್ಲ ನಿದ್ದೆಯಲ್ಲೂ ಎದ್ದು ಕೂರುತ್ತಿದ್ದ. ರೆಪ್ಪೆ ಸಹ ಅಲುಗಲಿಲ್ಲ. ಬಾದನಹಟ್ಟಿಯ ಎರ್ರೆಪ್ಪ ಮತ್ತೆ ಬಂದಿದ್ದ. ಅಜರು ಲಾರಿ ಕೆಲಸಕ್ಕೆ ರಜೆಯಿದ್ದ ದಿನ ಸಿರುಗುಪ್ಪದ ನಾನಿಯನ್ನು ನೋಡಿ ಬೈಕಿನಲ್ಲಿ ಬರುವಾಗ, ಕುರುಗೋಡಿನ ದಾರಿಯಲ್ಲಿ ಅದಿರು ಲಾರಿ ತಾಗಿ ಬಿದ್ದವನನ್ನು ಟ್ರಾಕ್ಟರಿನಲ್ಲಿ ಹಾಕಿಕೊಂಡು ಬಂದವನು ಅವನೇ ಅಲ್ಲವೇ. ಬಂದಾಗಲೆಲ್ಲ ಒಂದೇ ಮಾತು: “ಅಮ್ಮಾ, ಟ್ರಾಕ್ಟರ್‌ನಾಗ ಹಾಕ್ದಾಗ ಹುಡುಗ ಕಣ್ಣು ಬಿಟ್ಟು ನನ್ನ ನೋಡಿದ್ನಮ್ಮಾ.” ಅವನನ್ನು ಸಮಾಧಾನ ಮಾಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ.

ಹೋದ ಬಕ್ರೀದಿಗೆ ಬಂದಾಗ ನೀನು ನಿನ್ನ ಓದಿನ ವಿಷಯ ಹೇಳಿದ್ದು ನೆನಪಾಗುತ್ತದೆ. ತಲೆಗೆ ಏಟು ಬಿದ್ದರೆ ಏಟು ತಿಂದ ಮಿದುಳಿನ ಜೀವಕಣ ಸುಮ್ಮನಿರುವುದಿಲ್ಲ, ಆರ್‌ಎನ್‌ಎ ಅನ್ನುವ ಚೂರುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಯೊಳಗೆ ತುಂಬಿ ಪಕ್ಕದ ಕಣಕ್ಕೆ ಕಳಿಸುತ್ತದೆ ಅಂದೆ. ಪಕ್ಕದ್ದು ಅದನ್ನು ಒಳಗೆ ತೆಗೆದುಕೊಂಡು ಅದು ಹೇಳಿದಂತೆ ಕೇಳುತ್ತದೆ. ಕೆಲವು ಉರಿ ಆರಿಸು ಅನ್ನುತ್ತವೆ, ಕೆಲವು ನೀನೂ ಉರಿ ಅನ್ನುತ್ತವೆ, ಏಟು ಬೀಳದ ಕಡೆಯೂ ಬಾವು ಏಳುತ್ತದೆ ಅಂದೆ. ಅಂದು ನಾನು ನಕ್ಕೆ. ನಮ್ಮ ಓಣಿಯಲ್ಲಿ ಒಂದು ಮನೆಯಲ್ಲಿ ಗಂಡ ಹೆಂಡತಿ ಜಗಳ ಆಡಿದರೆ ಸಂಜೆಯೊಳಗೆ ಆರು ಮನೆಯಲ್ಲಿ ಪಾತ್ರೆ ಸದ್ದಾಗುವ ಹಾಗೇ ಇದೆಯಲ್ಲ ಅಂತ. ಈಗ ಆ ಕಣಗಳ ಮೇಲೆ ಸಿಟ್ಟು ಬರುತ್ತದೆ. ಎಲೇ ಕಣವೇ, ಏಟು ತಿಂದಿದ್ದು ನೀನು, ಬಾಯಿ ಮುಚ್ಚಿಕೊಂಡು ಬಿದ್ದಿರಬಾರದೇ, ಊರಿಗೆಲ್ಲ ಯಾಕೆ ಹೇಳಿಕೊಂಡು ಬಂದೆ? ತಾಯಿಯ ಹಾಲಿನಲ್ಲೂ ಇಂಥ ಗುಳ್ಳೆಗಳಿರುತ್ತವೆ ಅಂತಲೂ ನೀನು ಹೇಳಿದ್ದೆ. ಹಾಗಿದ್ದರೆ ನಾನೂ ಅಜರುವಿಗೆ ಕಳಿಸಿದ್ದೇನೆ. ಏನು ಹೇಳಿ ಕಳಿಸಿದೆನೋ ನನಗೇ ಗೊತ್ತಿಲ್ಲ.

ಆ ಗುಳ್ಳೆಗಳು ರಕ್ತಕ್ಕೂ ಬರುತ್ತವೆ, ಡಾಕ್ಟರು ಒಪ್ಪಿದರೆ ಅಜರುವಿನದು ಸ್ವಲ್ಪ ಕಳಿಸಿರಿ, ನಮ್ಮ ಲ್ಯಾಬಿನ ಸರ್ ನೋಡೋಣ ಅಂದಿದ್ದಾರೆ, ತಣ್ಣಗಿಟ್ಟು ಕಳಿಸಿ ಅಂತ ನೀನು ಅಂದದ್ದೇ ತಡ, ನಿನ್ನ ಅಬ್ಬಾರಿಗೆ ಜೀವ ಬಂತು. ಅಷ್ಟು ದಿನ ಗೋಡೆಗೆ ಒರಗಿ ಕೂತಿದ್ದವರು ಓಡಾಡಿದರು. ತಣ್ಣಗಿಡುವುದನ್ನು ಅವರಿಗೆ ಯಾರು ಹೇಳಿಕೊಡಬೇಕು? “ಐಸಿನ ಇಚಾರ ನನಗ ಬಿಡ್ರಿ” ಅಂದರು. ಕುಲ್ಫಿ ಡಬ್ಬಿ ತೊಳೆದು, ರಕ್ತದ ಶೀಶೆಯನ್ನು ನಡುವೆ ಇಟ್ಟು, ಸುತ್ತ ಐಸು ಕುಟ್ಟಿ ತುಂಬಿ, ಹೈದರಾಬಾದಿನ ತನಕ ತಂಪು ಇಳಿಯಬಾರದೆಂದು ಮೇಲೆ ಹಿಡಿ ಹಿಡಿ ಕಲ್ಲುಪ್ಪು ಸುರಿದರು. ಉಪ್ಪು ಬಿದ್ದ ಐಸು ಹಾಲನ್ನೇ ಕಲ್ಲು ಮಾಡುತ್ತದೆ, ರಕ್ತವನ್ನು ಬಿಡುತ್ತದೆಯೇ? ನಾನೂ ಪಕ್ಕದಲ್ಲೇ ಇದ್ದೆ, ಚೀಲದಿಂದ ಉಪ್ಪು ತೆಗೆದುಕೊಟ್ಟವಳೇ ನಾನು. ಬಸ್ ಡ್ರೈವರ್ ಹಂಪಯ್ಯನವರ ಕೈಗೆ ಡಬ್ಬಿ ಕೊಡುವಾಗ ನಿನ್ನ ಅಬ್ಬಾ ಮಗು ಕೊಟ್ಟಂತೆ ಎರಡೂ ಕೈಯಲ್ಲಿ ಕೊಟ್ಟರು.

ರಕ್ತ ಐಸಿನಂತೆ ಗಟ್ಟಿಯಾಗಿ ಕಣಗಳೆಲ್ಲ ಒಡೆದುಹೋಗಿವೆ, ಯಾವ ಸುದ್ದಿ ತಲೆಯಿಂದ ಬಂದಿದ್ದು, ಯಾವುದು ಒಡೆದ ಕಣದ್ದು ಅಂತ ಇನ್ನು ಬೇರ್ಪಡಿಸಲು ಆಗುವುದಿಲ್ಲ ಅಂದೆ ನೀನು ಮೊನ್ನೆ ಫೋನಿನಲ್ಲಿ. ಮತ್ತೊಮ್ಮೆ ಕಳಿಸಲಾ ಅಂತ ಕೇಳಿದೆ. ನೀನು ಅತ್ತುಬಿಟ್ಟೆ. “ಸರಿಯಾಗಿ ಬಂದಿದ್ರೂ ಅದ್ರಿಂದ ಅವಂಗ ಔಷಧ ಮಾಡಾಕ ಬರೂದಿಲ್ಲ ಅಮ್ಮಿ. ಓದಾಕ ಅಷ್ಟ ಬರ್ತೈತಿ, ಅದೂ ಅರ್ಧಮರ್ಧ.” ಇಷ್ಟು ಓದಿದ ಮಗಳು ಹೀಗೆ ಅಂದರೆ ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ತಾಯಿ ಏನು ಮಾಡಬೇಕು ಹೇಳು. ನಾನು ನಿನಗೆ ಸಮಾಧಾನವನ್ನೂ ಹೇಳಲಿಲ್ಲ, ಅಬ್ಬಾ ಬರುತ್ತಿದ್ದಾರೆಂದು ಫೋನ್ ಇಟ್ಟುಬಿಟ್ಟೆ. ತಪ್ಪು ತಿಳಿಯಬೇಡ.

ದೊಡ್ಡ ಡಾಕ್ಟರು ಒಳ್ಳೆಯವರು, ಕೂರಿಸಿ ಮಾತಾಡಿದರು. ಮಿದುಳು ಕೆಲಸ ಬಿಟ್ಟಿದೆ, ಇನ್ನು ಮಾಡುವುದು ಏನೂ ಉಳಿದಿಲ್ಲ, ಸಹಿ ಹಾಕಿದರೆ ಮಷೀನು ತೆಗೆದು ಮನೆಗೆ ಕಳಿಸುತ್ತೇವೆ, ಅವನ ಸುತ್ತ ನೀವೆಲ್ಲ ಇರಬಹುದು ಅಂದರು. ನಿನ್ನ ಅಬ್ಬಾ ಎದ್ದು ನಿಂತು, “ಆಯೇಶಾ ರಕ್ತ ಓದಿ ಹೇಳೋತನ ನನ್ನ ಮಗನ್ನ ಯಾರೂ ಮುಟ್ಟಬ್ಯಾಡ್ರಿ” ಅಂದರು. ದಿನವೂ ಅದೇ ಮಾತು. ಉಪ್ಪಿನ ವಿಷಯ ಹೇಳಿದರೆ ಮಗನನ್ನು ತಾನೇ ಕೊಂದೆ ಅಂದುಕೊಳ್ಳುತ್ತಾರೆ, ಆ ಮನುಷ್ಯ ಉಳಿಯುವುದಿಲ್ಲ. ಹೇಳದಿದ್ದರೆ ಬರದ ಉತ್ತರಕ್ಕೆ ಕಾಯುತ್ತಾರೆ, ಅಜರುವಿನ ಬೆನ್ನಿನಲ್ಲಿ ಹುಣ್ಣು ಎದ್ದಿದೆ. ನನ್ನ ಕೈಕಾಲು ಕಟ್ಟಿಹಾಕಿದಂತಾಗಿದೆ ಮಗಳೇ. ಅಲ್ಲಾಹನ ಹತ್ತಿರ ಏನು ಬೇಡಬೇಕು ಅಂತಲೂ ತಿಳಿಯುತ್ತಿಲ್ಲ. ಬೇಡಲು ಎತ್ತಿದ ಕೈಯನ್ನು ಮುಖಕ್ಕೆ ಸವರಿಕೊಂಡು ಎದ್ದುಬಿಡುತ್ತೇನೆ.

ನಿನ್ನ ಸರ್‌ಗೆ ನಮ್ಮ ಸಲಾಂ ತಿಳಿಸು. ಅಳುತ್ತಾ ಕೆಲಸ ಮಾಡಬೇಡ, ಕೈಯಲ್ಲಿ ಗಾಜು ಇರುತ್ತದೆ. ಅಲ್ಲಾಹ ನಿನ್ನನ್ನು ಚೆನ್ನಾಗಿ ಇಡಲಿ.

ನಿನ್ನ ಅಮ್ಮಿ,
ಮದಾರಬೀ

ತಾ.ಕ.: ಕಾಗದ ಒಯ್ಯಲು ಹಂಪಯ್ಯನವರು ಬಸ್ಸು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಮಧ್ಯಾಹ್ನ ಅಬ್ಬಾ ನಮಾಜಿಗೆ ಹೋದಾಗ ನಾನು ಸಹಿ ಹಾಕಿಬಿಟ್ಟೆ. ನಾಳೆ ಹನ್ನೊಂದಕ್ಕೆ ಅಜರುವನ್ನು ಮನೆಗೆ ಕೊಡುತ್ತಾರೆ. ಬೆಳಿಗ್ಗೆ ಕಾಗದ ಕೈಸೇರಿದ ಕೂಡಲೇ ಅಬ್ಬಾರಿಗೆ ಫೋನ್ ಮಾಡು. ರಕ್ತ ಓದಿದೆ ಅನ್ನು. ಸಾಕಾಗಿದೆ, ಮನೆಗೆ ಕರೆದುಕೊಂಡು ಹೋಗಿರಿ ಅಂತ ಅದರಲ್ಲಿ ಇತ್ತು ಅನ್ನು. ನಿನ್ನ ಓದಿಗೆ ಇದು ದೊಡ್ಡ ಸುಳ್ಳು, ಗೊತ್ತು. ಆದರೆ ಅವನನ್ನು ಕಳಿಸಿಕೊಟ್ಟಿದ್ದು ನಾನು ಅಂತ ಗೊತ್ತಾದರೆ ನಿನ್ನ ಅಬ್ಬಾ ಇನ್ನು ನನ್ನ ಮುಖ ನೋಡುವುದಿಲ್ಲ. ಹೇಳಿಬಿಟ್ಟು ಬಸ್ಸು ಹತ್ತು.